ಕೊನೆಯ ಸುತ್ತಿನ ಹುಡುಗನಿಗೆ ಕೊಟ್ಟ ಅಂಕ

“ಇಲ್ಲಿ ನೊರೀನ್ ಮಸಾರ್ ಅಂದ್ರೆ ಯಾರು?”

ಬಾಗಿಲಲ್ಲಿ ನಿಂತವನ ದನಿಗೆ ಇಡೀ ಬಾರ್ ತಿರುಗಿ ನೋಡಿತು.

ಶುಕ್ರವಾರದ ಸಂಜೆ. ಸೇಂಟ್ ಒಡಿಲ್ ಊರಿನವರೆಲ್ಲ ಸೆಲೆಸ್ಟೀನಳ ಬಾರಿನಲ್ಲಿ ಮೀನು ತಿನ್ನುವ ಹೊತ್ತು. ಒಳಗೆ ಬಾಣಲೆಯಲ್ಲಿ ಪರ್ಚ್ ಮೀನು ಚುರುಗುಟ್ಟುತ್ತಿತ್ತು. ಬಂದವನ ಕಾಲರಿನಲ್ಲಿ ಹಾದಿಯ ಧೂಳು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರಿಕೆ. ಕಣ್ಣಲ್ಲಿ ಕೆಂಡ!

ಎರಡು ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಹೊರಬಂದ ನೊರೀನ್ ಅಲ್ಲೇ ನಿಂತಳು.

“ನಾನೇ. ಮೀನು ಬೇಕಿದ್ರೆ ಸಾಲಲ್ಲಿ ನಿಂತ್ಕೊಳ್ಳಿ. ಪತ್ರಿಕೆ ಬಗ್ಗೆ ದೂರಿದ್ರೆ ಸೋಮವಾರ ಆಫೀಸಿಗೆ ಬನ್ನಿ.”

“ನಂಗೆ ಮೀನೂ ಬೇಡ, ಆಫೀಸೂ ಬೇಡ. ಒಂದೇ ಪ್ರಶ್ನೆ. ಡೂಯೇನ್ ಪ್ರಿಬಿಲ್ ಆಡಿದ್ದನ್ನ ನೀವು ಎಷ್ಟು ಸಲ ನೋಡಿದ್ದೀರಿ?”

ನೊರೀನ್ ತಟ್ಟೆಗಳನ್ನು ಹತ್ತಿರದ ಮೇಜಿನ ಮೇಲಿಟ್ಟಳು.

ಪ್ರತಿ ವಸಂತದಲ್ಲಿ ಅಮೆರಿಕನ್ ಫುಟ್ಬಾಲಿನ ದೊಡ್ಡ ತಂಡಗಳು ಸುತ್ತು ಸುತ್ತಾಗಿ, ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಆ ಡ್ರಾಫ್ಟ್ ಮುಗಿದ ಮರುದಿನವೇ ಊರಿನ ಪತ್ರಿಕೆಯಲ್ಲಿ ಒಬ್ಬೊಬ್ಬ ಹುಡುಗನಿಗೂ ಅಂಕ ಬರಬೇಕು. ‘ಎ’ ಬಂದರೆ ಹಬ್ಬ, ‘ಎಫ್’ ಬಂದರೆ ನಪಾಸು. ಕಾಗದದ ಗಿರಣಿಯ ಆ ಊರಿಗೆ ಮಿಲ್ಲರ್ಸ್ ತಂಡವೇ ಉಸಿರು. ಆ ತಂಡಕ್ಕೆ ಅಂಕ ಕೊಡುವ ಕೆಲಸ ಆ ವರ್ಷ ಮೊದಲ ಸಲ ನೊರೀನಳ ಪಾಲಿಗೆ ಬಂದಿತ್ತು. ಜನ ಓದಬೇಕು, ನಗಬೇಕು ಎಂಬ ಆಸೆಯಲ್ಲಿ ಅವಳ ಪೆನ್ನು ಸ್ವಲ್ಪ ಹೆಚ್ಚೇ ಓಡಿತ್ತು.

ಬಂದವನು ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದಿದ.

“‘ಕೊನೆಯ ಸುತ್ತು. ಡೂಯೇನ್ ಪ್ರಿಬಿಲ್, ಲಾಂಗ್ ಸ್ನ್ಯಾಪರ್. ಎಫ್. ಬಗ್ಗಿ ನಿಂತು ಕಾಲ ಸಂದಿನಿಂದ ಹಿಂದಕ್ಕೆ ಚೆಂಡು ಎಸೆಯುವುದಕ್ಕೇ ಒಬ್ಬನನ್ನು ಆರಿಸುವುದೆಂದರೆ, ಬಾಗಿಲು ತೆಗೆಯುವುದಕ್ಕೇ ಒಬ್ಬ ಅಳಿಯನನ್ನು ತಂದ ಹಾಗೆ. ಇವನನ್ನು ಹುಡುಕಿದ ಸ್ಕೌಟ್ ಕಾರಿನಲ್ಲೇ ನಿದ್ದೆ ಹೋಗಿರಬೇಕು.’ ಆ ನಿದ್ದೆ ಹೋದ ಸ್ಕೌಟ್ ನಾನೇ. ಎಮೆಟ್ ಟೆಶ್.”

ಬಾರಿನ ಮೂಲೆಯಿಂದ ಮುದುಕ ಕ್ಲೀಟಸ್ ಕೂಗಿದ. “ಈಗಂತೂ ಎಚ್ಚರವಾಗೇ ಇದ್ದೀಯಲ್ಲಪ್ಪಾ!”

ನಗೆಯೋ ನಗೆ. ಎಮೆಟ್ ಮಾತ್ರ ನಗಲಿಲ್ಲ. ಮಿಲ್ಲರ್ಸ್ ತಂಡಕ್ಕಾಗಿ ಊರೂರು ತಿರುಗಿ ಆಟಗಾರರನ್ನು ಹುಡುಕುವುದು ಅವನ ಕೆಲಸ. ವರ್ಷದಲ್ಲಿ ಇನ್ನೂರು ದಿನ ಕಾರಿನಲ್ಲೇ ಬಾಳುವೆ.

“ನೋಡಿಲ್ಲ,” ಎಂದಳು ನೊರೀನ್, ಕೆಂಪಾಗಿ. “ಒಂದ್ಸಲಾನೂ ನೋಡಿಲ್ಲ. ಟಿ.ವಿ.ಯಲ್ಲಿ ಸ್ನ್ಯಾಪರನ್ನ ಎಲ್ರೀ ತೋರಿಸ್ತಾರೆ? ಸರಿ, ಈಗೇನು? ಕಾಲಿಗೆ ಬೀಳ್ಲಾ?”

“ಅಂಕ ತಿದ್ದಿ.”

“ಅದಾಗಲ್ಲ,” ಎಂದು ಒಳಗಿನಿಂದ ಸೌಟು ಹಿಡಿದು ಬಂದವಳು ಸೆಲೆಸ್ಟೀನ್. ನೊರೀನಳ ಚಿಕ್ಕಮ್ಮ, ಬಾರಿನ ಒಡತಿ. “ಈ ಮನೆಗೊಂದು ನಿಯಮ ಇದೆ ಮಗಾ. ಆ ಗೋಡೆ ನೋಡು.”

ಕೋಟು ನೇತುಹಾಕುವ ಗೂಟಗಳ ಪಕ್ಕದಲ್ಲಿ ಹಳೆಯ ಅಂಕಪಟ್ಟಿಗಳು ಸಾಲಾಗಿ ಅಂಟಿದ್ದವು, ಕೊನೆಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ನೊರೀನಳದು. ನೊರೀನಳ ಅಪ್ಪ ಅಲ್ಫೋನ್ಸ್ ಬದುಕಿದ್ದಾಗ ಊಟದ ಮೇಜಿನ ಕಾಗದದ ಮೇಲೆ ತಾನೇ ಅಂಕ ಬರೆದು ಅಲ್ಲಿ ಅಂಟಿಸುತ್ತಿದ್ದ. ಅಂಟಿಸಿದ್ದನ್ನು ಮೂರು ವರ್ಷ ಯಾರೂ ಮುಟ್ಟುವಂತಿಲ್ಲ. ಹುಡುಗರು ಬಲಿಯಲು ಅಷ್ಟಾದರೂ ಕಾಲ ಬೇಕಲ್ಲ! ಮೂರನೆಯ ವರ್ಷದ ಡ್ರಾಫ್ಟ್ ಕಳೆದ ಮೊದಲ ಶುಕ್ರವಾರ ಪಟ್ಟಿಯನ್ನು ಇಳಿಸಿ ಎಲ್ಲರೆದುರು ಓದುವುದು. ಬರೆದ ಮಾತು ಸುಳ್ಳಾದವರು ಏಪ್ರನ್ ಕಟ್ಟಿ ಊರಿಗೆಲ್ಲ ಮೀನು ಬಡಿಸುವುದು.

“ಅಂದ್ರೆ ಮೂರು ವರ್ಷ ಈ ಹುಡುಗ ನಪಾಸು?”

“ಮೂರು ವರ್ಷ ನಪಾಸು,” ಎಂದಳು ನೊರೀನ್ ಗದ್ದ ಎತ್ತಿ.

ಎಮೆಟ್ ಜೇಬಿನಿಂದ ಪೆನ್ನು ತೆಗೆದ. ಗೋಡೆಯ ಹತ್ತಿರ ಹೋಗಿ ಅವಳ ಪಟ್ಟಿಯ ಕೆಳಗೆ ಏನೋ ಗೀಚಿ ಸಹಿ ಹಾಕಿದ. ನೊರೀನ್ ಬಗ್ಗಿ ಓದಿದಳು.

‘ಈ ಹೆಣ್ಣು ಹುಟ್ಟಿದಾರಭ್ಯ ತಪ್ಪು ಒಪ್ಪಿಕೊಂಡವಳಲ್ಲ, ಮುಂದೆಯೂ ಒಪ್ಪುವವಳಲ್ಲ. ಎಮೆಟ್ ಟೆಶ್.’

“ಎಷ್ಟು ಕೊಬ್ಬು!” ಎಂದು ನೊರೀನ್ ಹಲ್ಲು ಕಡಿದಳು.

ಆದರೆ ಅವನು ಹೋದ ಮೇಲೆ ಸೆಲೆಸ್ಟೀನ್ ಮೆಲ್ಲಗೆ ಅಂದ ಮಾತು ಅವಳನ್ನು ಮಲಗಗೊಡಲಿಲ್ಲ.

“ನಿಮ್ಮಪ್ಪ ಕಣ್ಣಾರೆ ನೋಡದ ಹುಡುಗನಿಗೆ ಅಂಕ ಕೊಟ್ಟಿದ್ದಿಲ್ಲ ಕಣೇ. ಆ ಜಾಗ ಖಾಲಿ ಬಿಡೋನು.”

* * *

ಮರುದಿನ ಬೆಳಿಗ್ಗೆ ಹೈಸ್ಕೂಲಿನ ಮೈದಾನದಲ್ಲಿ ಎಮೆಟ್ ಒಬ್ಬನೇ ಸುತ್ತು ಹಾಕುತ್ತಿದ್ದ. ನೊರೀನ್ ಹುಡುಕಿಕೊಂಡು ಹೋದಳು. ಹೋದದ್ದೇಕೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ!

“ನೋಡ್ಬೇಕು,” ಎಂದಳು. “ತೋರ್ಸಿ. ಅದರಲ್ಲಿ ಏನಿದೆ ಅಂತ.”

ಎಮೆಟ್ ಕಾರಿನ ಡಿಕ್ಕಿಯಿಂದ ಚೆಂಡು ತಂದ. ಹದಿನೈದು ಗಜ ಅಳೆದು ಅವಳನ್ನು ನಿಲ್ಲಿಸಿದ.

“ಕಾಲೇಜಲ್ಲಿ ನಾನೂ ಇದೇ ಕೆಲಸ ಮಾಡ್ತಿದ್ದೆ. ಕೈ ಮುಂದೆ ಹಿಡೀರಿ. ಕಣ್ಣು ಮುಚ್ಬೇಡಿ.”

“ಮುಚ್ಚಲ್ಲ. ನಾನೇನು ಮಗುವಾ?”

ಅವನು ಬಗ್ಗಿದ. ಚೆಂಡು ಹೊರಟದ್ದೇ ಅವಳಿಗೆ ಕಾಣಲಿಲ್ಲ! ಅಂಗೈಗೆ ಬೆಂಕಿ ತಗುಲಿದಂತಾಯಿತು. ಏಪ್ರಿಲ್ ತಿಂಗಳ ಕರಗಿದ ಹಿಮದ ಕೆಸರಿನಲ್ಲಿ ನೊರೀನ್ ಅಂಗಾತ ಬಿದ್ದಳು. ಚೆಂಡನ್ನು ಮಾತ್ರ ಎದೆಗವಚಿಕೊಂಡೇ ಇದ್ದಳು.

ಎಮೆಟ್ ಗಾಬರಿಯಿಂದ ಓಡಿ ಬಂದ. “ಅಯ್ಯೋ ದೇವ್ರೇ! ಪೆಟ್ಟಾಯ್ತಾ?”

ನೊರೀನ್ ಕೆಸರಿನಲ್ಲೇ ಬಿದ್ದು ನಗುತ್ತಿದ್ದಳು. “ಹಿಡಿದೆ! ನೋಡಿದ್ರಾ? ಹಿಡಿದೆ!”

ಆಗ ಎಮೆಟ್ ಟೆಶ್ ಮೊದಲ ಸಲ ನಕ್ಕ.

ಆ ನಗುವಿನಲ್ಲಿ ಏನಿತ್ತೋ... ನೊರೀನಳ ಎದೆಯಲ್ಲಿ ಯಾವುದೋ ಕಿಟಕಿ ತೆರೆದುಕೊಂಡಿತು.

“ಮುಕ್ಕಾಲು ಸೆಕೆಂಡು,” ಎಂದ ಅವನು ಅವಳನ್ನು ಎಬ್ಬಿಸುತ್ತ. “ಹಿಂದೆ ಒದೆಯೋಕೆ ನಿಂತವರಿಗೆ ಚೆಂಡು ಅಷ್ಟರಲ್ಲಿ ತಲುಪ್ಬೇಕು. ಅದು ಒಂದು ಸೆಕೆಂಡಾದ್ರೆ ಪಂದ್ಯ ಹೋಯ್ತು. ಒಂದು ಗೇಣು ಮೇಲೆ ಹೋದ್ರೂ ಹೋಯ್ತು. ಡೂಯೇನ್ ಹಿಮದಲ್ಲೂ ಗೇಣು ತಪ್ಪಲ್ಲ. ತಪ್ಪದೇ ಇರೋದ್ರಿಂದ್ಲೇ ಅವನ ಹೆಸರು ಯಾರಿಗೂ ಗೊತ್ತಿಲ್ಲ.”

“ಆದ್ರೂ ಗೋಡೆಯ ನಿಯಮ ನಿಯಮಾನೇ.”

“ಇರ್ಲಿ. ಮೂರು ವರ್ಷ ಕಾಯ್ತೀನಿ. ಶುಕ್ರವಾರ ಬಂದು ಗೋಡೆ ಮೇಲೆ ಪಟ್ಟಿ ಇದೆಯೋ ಇಲ್ವೋ ನೋಡ್ಕೊಂಡು ಹೋಗ್ತೀನಿ. ನಿಮ್ಮನ್ನ ನಂಬೋಕಾಗಲ್ಲ.”

* * *

ಬಂದ. ಪ್ರತಿ ಶುಕ್ರವಾರ ಬಂದ.

ಮೊದಲ ಬೇಸಗೆ ಕಳೆಯುವ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಆಯಿತು. ಕಿಟಕಿ ಪಕ್ಕದ ಕುರ್ಚಿ ಅವನದಾಯಿತು. ಕಾರಿನ ಗಾಜಿನ ತುಂಬ ಸತ್ತ ಹುಳ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಒಂದು ತಟ್ಟೆ ಮೀನು ತರಿಸುವನು. ನೊರೀನ್ ತಾನೇ ಮಾಡಿದ ಒಣ ಪ್ಲಮ್ಮಿನ ಪೈ, ಮೇಲೆ ಸಿಹಿ ಚೀಸ್ ಹಚ್ಚಿದ್ದು, ಒಂದು ತುಂಡು ಇಡುವಳು. ಬೆಲ್ಜಿಯಂನಿಂದ ಬಂದು ನೆಲೆಸಿದ ಆ ಊರಿನ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದ ಪೈ ಅದು. ತುದಿಯವರೆಗೂ ತಿಂದು, ಗೋಡೆ ನೋಡಿ, “ಪಟ್ಟಿ ಇದೆ,” ಎಂದು ಎದ್ದು ಹೋಗುವನು.

ಮಿಕ್ಕ ದಿನ ಅವನ ಕಾರ್ಡುಗಳು ಬರುತ್ತಿದ್ದವು. ಒಂದೊಂದು ಊರಿನ ಚಿತ್ರದ ಅಂಚೆ ಕಾರ್ಡು. ಅದರ ಹಿಂದೆ ಎರಡೇ ಸಾಲು.

‘ಅಯೋವಾ. ಸೇಬಿನ ಪೈ. ಬಿ. ತಳ ಒದ್ದೆ. ನಿನ್ನ ನೆನಪಾಯ್ತು, ಕೆಸರಲ್ಲಿ ಬಿದ್ದಿದ್ದು.’

‘ಕಾನ್ಸಾಸ್. ಪೀಚ್ ಪೈ. ಡಿ. ಹೋಟೆಲಿನ ನಾಯಿಯೂ ಮೂಸಿ ಬಿಟ್ಟಿತು.’

ಆಟಗಾರರ ಸುದ್ದಿ ಒಂದಕ್ಷರ ಇರುತ್ತಿರಲಿಲ್ಲ. ಅದನ್ನು ಹೊರಗೆ ಹೇಳಿದ ಸ್ಕೌಟಿಗೆ ಆ ಕಸುಬಿನಲ್ಲಿ ಜಾಗವಿಲ್ಲ. ನೊರೀನ್ ಕೂಡ ಕೇಳುತ್ತಿರಲಿಲ್ಲ. ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಹಾಸಿಗೆಯ ಕೆಳಗಿಡುತ್ತಿದ್ದಳು.

ಒಂದು ದಿನ ತಡೆಯಲಾರದೆ ಕೇಳಿದಳು. “ದೇಶದ ಪೈಗೆಲ್ಲ ಅಂಕ ಕೊಡ್ತೀಯ. ನನ್ನ ಪೈಗೆ?”

“ಇನ್ನೂ ನೋಡ್ತಾ ಇದ್ದೀನಿ,” ಎಂದ ಅವನು ಚಮಚ ನೆಕ್ಕುತ್ತ. “ಮೂರು ವರ್ಷ ಆಗ್ಲಿ.”

“ಹಂಗಾದ್ರೆ ನಾಳೆಯಿಂದ ಪೈ ಇಲ್ಲ!”

“ಆಗ ‘ಪೂರ್ತಿ ನೋಡೋಕೆ ಬಿಡ್ಲಿಲ್ಲ’ ಅಂತ ಬರೀತೀನಿ.”

ಕ್ಲೀಟಸ್ ಪಕ್ಕದ ಮೇಜಿನಿಂದ ಅಂದ. “ನಿಮ್ಮಿಬ್ಬರ ಜಗಳ ನೋಡೋಕೆ ಟಿಕೆಟ್ ಇಟ್ರೆ ಸೆಲೆಸ್ಟೀನ್ ಮೀನು ಕರಿಯೋದು ಬಿಡಬಹುದು.”

ಎರಡನೆಯ ವರ್ಷದ ಡಿಸೆಂಬರಿನ ಒಂದು ಭಾನುವಾರ. ಬಾರಿನ ಟಿ.ವಿ.ಯಲ್ಲಿ ಮಿಲ್ಲರ್ಸ್ ಪಂದ್ಯ. ಹಿಮ ಸುರಿದು ಮೈದಾನದ ಗೆರೆಗಳೇ ಮುಚ್ಚಿದ್ದವು. ಕೊನೆಯ ಮೂರು ಸೆಕೆಂಡಿನಲ್ಲಿ ಒದ್ದ ಚೆಂಡು ಕಂಬಗಳ ನಡುವೆ ಹಾದು ತಂಡ ಗೆದ್ದಿತು. ಬಾರಿಗೆ ಬಾರೇ ಎದ್ದು ಕುಣಿಯಿತು! ಪರದೆಯಲ್ಲಿ ತಂಡದವರು ಒದ್ದವನನ್ನು ಹೆಗಲ ಮೇಲೆ ಹೊತ್ತರು.

ಎಮೆಟ್ ಮಾತ್ರ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ. “ಅವನನ್ನ ಬಿಡು. ಪರದೆಯ ಎಡ ಮೂಲೆ ನೋಡು.”

ನೊರೀನ್ ನೋಡಿದಳು. ಮೂಲೆಯಲ್ಲಿ ಬೆಟ್ಟದಂಥ ಹುಡುಗನೊಬ್ಬ ಒಬ್ಬನೇ ನಿಂತು ಮಂಡಿಯ ಮೇಲಿನ ಹಿಮ ಕೊಡವಿಕೊಳ್ಳುತ್ತಿದ್ದ. ಹಿಮದಲ್ಲಿ, ಮರಗಟ್ಟಿದ ಬೆರಳಲ್ಲಿ, ಗೇಣು ತಪ್ಪದೆ ಚೆಂಡು ಕೊಟ್ಟವನು. ಡೂಯೇನ್ ಪ್ರಿಬಿಲ್. ಯಾರೂ ಅವನ ಬೆನ್ನು ತಟ್ಟಲಿಲ್ಲ. ಅವನಿಗೆ ಅದು ಬೇಕಿದ್ದಂತೆಯೂ ಕಾಣಲಿಲ್ಲ.

ನೊರೀನಳ ಕಣ್ಣು ತುಂಬಿತು. ‘ಇವನಿಗೆ ನಾನು ನಪಾಸು ಅಂತ ಬರೆದೆನಲ್ಲ...’

ತಿರುಗಿ ನೋಡಿದರೆ ಎಮೆಟ್ ಟಿ.ವಿ. ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

ಇಬ್ಬರೂ ಏನೂ ಹೇಳಲಿಲ್ಲ. ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

* * *

ಮೂರನೆಯ ವರ್ಷದ ಏಪ್ರಿಲ್ ಬಂತು. ಗೋಡೆಯ ಪಟ್ಟಿ ಇಳಿಸಲು ಹನ್ನೆರಡೇ ದಿನ.

ಡ್ರಾಫ್ಟಿನ ಹಿಂದಿನ ಭಾನುವಾರ ನೊರೀನ್ ಒಂದು ಹಗುರ ಬರಹ ಬರೆದಳು. ಹೆದ್ದಾರಿ ಹೋಟೆಲುಗಳ ಪೈಗಳ ಬಗ್ಗೆ. ‘ನಮ್ಮ ಸ್ಕೌಟ್ ಗೆಳೆಯರೊಬ್ಬರ ಪ್ರಕಾರ ನೆಬ್ರಾಸ್ಕಾದ ನ್ಯೂ ತಾಬೋರಿನ ಚೆರ್ರಿ ಪೈಗೆ ದೇಶದಲ್ಲೇ ಸಾಟಿಯಿಲ್ಲ. ಅದಕ್ಕೆಂದೇ ಈ ಚಳಿಗಾಲ ಮೂರು ಸಲ ಹೋಗಿ ಬಂದರಂತೆ!’

ಬರೆಯುವಾಗ ಅವಳಿಗೆ ಅವನ ನಗು ಕಣ್ಣೆದುರಿತ್ತು. ಅವನ ಕಾರ್ಡಿನ ಒಂದು ಸಾಲನ್ನು ಊರಿಗೆಲ್ಲ ತೋರಿಸುವ ಹೆಮ್ಮೆ... ಅಷ್ಟೇ.

ಮುಂದಿನ ಶನಿವಾರ ಡ್ರಾಫ್ಟಿನ ಮೂರನೆಯ ಸುತ್ತು. ಮಿಲ್ಲರ್ಸ್ ಸರದಿಗೆ ಇನ್ನೊಂದೇ ಹೆಸರು ಬಾಕಿ. ಆಗ ಮುಂದಿದ್ದ ತಂಡ ಒಂದು ಹೆಸರು ಕೂಗಿತು. ನ್ಯೂ ತಾಬೋರಿನಿಂದ ಹತ್ತು ಮೈಲಿ ದೂರದ ಸಣ್ಣ ಕಾಲೇಜಿನ ಓಟಗಾರ. ಯಾರೂ ಕೇಳರಿಯದ ಹುಡುಗ. ಯಾರೂ ಅಂದರೆ, ಎಮೆಟ್ ಟೆಶ್ ಒಬ್ಬನನ್ನು ಬಿಟ್ಟು! ಅವನ ಮಾತಿನ ಮೇಲೆ ಮಿಲ್ಲರ್ಸ್ ಆರಿಸಿಕೊಳ್ಳಲಿದ್ದದ್ದೂ ಆ ಹುಡುಗನನ್ನೇ.

ಅದೇ ಸಂಜೆ ಆ ತಂಡದವನೊಬ್ಬ ಮಿಲ್ಲರ್ಸ್ ಯಜಮಾನ ಝಾಸ್ಟ್ರೋಗೆ ಫೋನು ಮಾಡಿ ಛೇಡಿಸಿದನಂತೆ. “ನಿಮ್ಮೂರ ಪತ್ರಿಕೆ ನಮಗೆ ಅಂಚೆಯಲ್ಲಿ ಬರುತ್ತೆ ಮಾರಾಯ. ನಿಮ್ಮ ಸ್ಕೌಟ್ ಪೈ ತಿನ್ನೋ ಊರಿಗೆ ನಾವೂ ಹೋಗಿ ಬಂದ್ವಿ. ಪೈ ಚೆನ್ನಾಗಿತ್ತು ಅಂತ ಹೇಳು!”

ಭಾನುವಾರ ಮಧ್ಯಾಹ್ನ ಎಮೆಟ್ ಬಾರಿಗೆ ಬಂದ. ಕಾರಿನಲ್ಲಿ ಅಲ್ಲ, ನಡೆದು.

ಅವನ ಮುಖ ಕಂಡದ್ದೇ ನೊರೀನ್ ಎದ್ದು ಎದುರು ಬಂದಳು. “ಎಮೆಟ್? ಕಾರೆಲ್ಲಿ?”

“ಬೀಗದ ಕೈ ಕೊಟ್ಟು ಬಂದೆ. ವಿಚಾರಣೆ ಮುಗಿಯೋವರೆಗೂ ಮನೇಲಿರು ಅಂದಿದ್ದಾರೆ.” ಅವನು ಪತ್ರಿಕೆಯ ತುಣುಕನ್ನು ಮೇಜಿನ ಮೇಲಿಟ್ಟ. “ಇದನ್ನ ಯಾಕೆ ಬರೆದೆ ನೊರೀನ್?”

ಅವಳು ಓದಿದಳು. ಒಂದು ಸಲ. ಎರಡು ಸಲ.

“ನಾನು... ನಾನು ಬರೀ ಪೈ ಬಗ್ಗೆ ಬರೆದದ್ದು!”

“ನಮ್ಮ ಕೆಲಸದಲ್ಲಿ ಮನುಷ್ಯ ಎಲ್ಲಿ ಉಣ್ತಾನೋ ಅಲ್ಲೇ ಅವನ ಕಣ್ಣಿರುತ್ತೆ. ಅಂಕ ಹಾಕೋಳು ನೀನು, ನಿಂಗೆ ತಿಳೀಲಿಲ್ವಾ?”

“ದೇವರಾಣೆಗೂ ಹೊಳೀಲಿಲ್ಲ ಎಮೆಟ್...”

“ಆ ಕಾರ್ಡು ನಿನಗೆ ಬರೆದದ್ದು. ಊರಿಗಲ್ಲ, ಪತ್ರಿಕೆಗಲ್ಲ. ನಿನಗೆ.” ಅವನ ದನಿ ಒಡೆಯಿತು. “ನಾನು ನಿನಗೆ ಬರಿಯೋ ಸರಕು ಅಷ್ಟೇ ಅಂತ ಈಗ ಗೊತ್ತಾಯ್ತು.”

ನೊರೀನಳಿಗೂ ಮನಸ್ಸು ಕಹಿಯಾಯಿತು. ನೋವಾದಾಗ ನಾಲಿಗೆ ಮೊದಲು ಓಡುತ್ತದೆ, ಬುದ್ಧಿ ಹಿಂದಿನಿಂದ ಕುಂಟಿಕೊಂಡು ಬರುತ್ತದೆ.

“ನೀನು ಮಾತ್ರ? ಮೂರು ವರ್ಷ ಇಲ್ಲಿಗೆ ಬಂದದ್ದು ಗೋಡೆ ಮೇಲಿನ ಪಂತಕ್ಕೆ ತಾನೆ? ಗೆದ್ದೆಯಲ್ಲ, ಹೋಗು!”

ಎಮೆಟ್ ಮೊದಲ ಸಲ ಗೋಡೆಯ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಚಿಕ್ಕಮ್ಮನ ಹೆಗಲ ಮೇಲೆ ತಲೆಯಿಟ್ಟು ನೊರೀನ್ ಬಿಕ್ಕಿದಳು. “ಅವನ ಕೆಲ್ಸಾನೂ ಕಳೆದೆ... ಅವನನ್ನೂ ಕಳ್ಕೊಂಡೆ ಚಿಕ್ಕಮ್ಮಾ...”

“ಅಳೋದು ಆಮೇಲೆ ಅಳುವಿಯಂತೆ,” ಎಂದಳು ಸೆಲೆಸ್ಟೀನ್ ಅವಳ ಮೂಗು ಒರೆಸಿ. “ಮೊದಲು ನಿನ್ನ ಕೈಯಿಂದ ಬಿದ್ದದ್ದನ್ನ ಎತ್ತು.”

* * *

ಸೋಮವಾರ ಬೆಳಿಗ್ಗೆ ನೊರೀನ್ ಬಿಸ್ಕತ್ತಿನ ಡಬ್ಬಿ ಹಿಡಿದು ಝಾಸ್ಟ್ರೋನ ಮೇಜಿನೆದುರು ಕುಳಿತಿದ್ದಳು. ನಲವತ್ತು ವರ್ಷ ಆಟಗಾರರನ್ನು ಅಳೆದ ಮುದುಕ. ಹುಬ್ಬು ಪೊರಕೆಯಂತೆ.

“ತಪ್ಪು ನನ್ನದು ಸಾರ್. ಅವರು ಒಂದು ಮಾತೂ ಹೇಳಿಲ್ಲ. ಬೇಕಾದ್ರೆ ನೋಡಿ, ಅವರು ಬರೆದದ್ದೆಲ್ಲ ಇಲ್ಲಿದೆ.”

ಮುದುಕ ಕನ್ನಡಕ ಏರಿಸಿ ಒಂದೊಂದೇ ಕಾರ್ಡು ಓದಿದ. ಓದುತ್ತ ಓದುತ್ತ ಅವನ ಹೊಟ್ಟೆ ಕುಣಿಯತೊಡಗಿತು.

“‘ನಾಯಿಯೂ ಮೂಸಿ ಬಿಟ್ಟಿತು’! ಹಹ್ಹಾ! ಇವನನ್ನ ಆಟಗಾರರನ್ನ ನೋಡೋಕೆ ಕಳಿಸಿದ್ರೆ, ದೇಶದ ಪೈಯೆಲ್ಲ ನೋಡಿ ಬಂದಿದ್ದಾನೆ!” ಆಮೇಲೆ ಕಾರ್ಡುಗಳನ್ನು ಜೋಪಾನವಾಗಿ ಜೋಡಿಸಿದ. “ಇದನ್ನ ಅವನೇ ತೋರಿಸಬಹುದಿತ್ತಲ್ಲಮ್ಮಾ. ಶನಿವಾರ ಕೇಳಿದೆ, ಆ ಹುಡುಗಿಗೆ ಏನು ಬರೆದೆ, ಹೇಳು, ಮುಗಿದುಹೋಗುತ್ತೆ ಅಂತ. ‘ಅದು ಅವಳದು ಸಾರ್, ತಂಡದ್ದಲ್ಲ’ ಅಂದು ಬೀಗದ ಕೈ ಮೇಜಿನ ಮೇಲಿಟ್ಟ.”

ನೊರೀನ್ ಕಾರ್ಡುಗಳನ್ನು ಮತ್ತೆ ಡಬ್ಬಿಗೆ ಸೇರಿಸಿದಳು.

“ಅಂಕ ಹಾಕೋಳು ನೀನು,” ಎಂದ ಮುದುಕ. “ಒಂದು ಮಾತು ಹೇಳ್ತೀನಿ. ಒಬ್ಬನಿಗೆ ಯಾರ ಮೇಲೆ ಮನಸ್ಸಿದೆ ಅಂತ ತಿಳೀಬೇಕಾದ್ರೆ ಅವನ ಮಾತು ಕೇಳಬಾರದು, ಅವನ ದಾರಿ ನೋಡಬೇಕು.” ಖಾನೆಯಿಂದ ಎಮೆಟನ ಪ್ರಯಾಣದ ಪುಸ್ತಕ ತೆಗೆದು ಅವಳ ಮುಂದೆ ತಳ್ಳಿದ. “ಓದು.”

ಗುರುವಾರ ಕಾನ್ಸಾಸ್, ಶುಕ್ರವಾರ ಸೇಂಟ್ ಒಡಿಲ್, ಶನಿವಾರ ಮತ್ತೆ ಕಾನ್ಸಾಸ್. ಗುರುವಾರ ನೆಬ್ರಾಸ್ಕಾ, ಶುಕ್ರವಾರ ಸೇಂಟ್ ಒಡಿಲ್... ಪುಟ ತಿರುವಿದಂತೆಲ್ಲ ಅದೇ. ಮೂರು ವರ್ಷ!

“ಅಲ್ಲಿಂದ ಇಲ್ಲಿಗೆ ಒಂಬತ್ತು ಗಂಟೆ ದಾರಿ,” ಎಂದ ಝಾಸ್ಟ್ರೋ. “ಶನಿವಾರದ ಪಂದ್ಯಕ್ಕೆ ಮತ್ತೆ ಒಂಬತ್ತು ಗಂಟೆ ವಾಪಸ್ಸು. ನಾನಂದ್ಕೊಂಡೆ, ಈ ಹುಡುಗನಿಗೆ ಮೀನಿನ ಹುಚ್ಚು ಅಂತ.”

ಪುಟ ತಿರುವುತ್ತಿದ್ದ ನೊರೀನಳ ಕೈ ನಿಂತಿತು.

ಮೀನು...

ಅವನು ಒಂದು ದಿನವೂ ಮೀನು ಮುಗಿಸಿದ್ದಿಲ್ಲ! ತರಿಸುವನು, ಒಂದು ಚೂರು ಮುರಿಯುವನು, ತಟ್ಟೆಯನ್ನು ಮೆಲ್ಲಗೆ ಕ್ಲೀಟಸ್ ಕಡೆ ಜರುಗಿಸುವನು. ಮೊದಲ ದಿನ ಬಾಗಿಲಲ್ಲೇ ಹೇಳಿದ್ದನಲ್ಲ, ‘ನಂಗೆ ಮೀನೂ ಬೇಡ’ ಎಂದು!

ಮೂರು ವರ್ಷ ಕಣ್ಣೆದುರೇ ಕೂತಿದ್ದವನನ್ನು ಅವಳು ನೋಡಿರಲಿಲ್ಲ. ಪರದೆಯ ಮೂಲೆಯಲ್ಲಿ ನಿಂತ ಆ ಸ್ನ್ಯಾಪರನಂತೆ.

“ಅವನಿಗೆ ನಾಳೆ ಬೀಗದ ಕೈ ವಾಪಸ್ಸು ಕೊಡ್ತೀನಿ,” ಎಂದ ಝಾಸ್ಟ್ರೋ ಎದ್ದು. “ಓಟಗಾರ ಹೋದ, ಇನ್ನೊಬ್ಬ ಸಿಗ್ತಾನೆ. ಇಷ್ಟು ಬಾಯಿಬಿಗಿ ಇರೋ ಸ್ಕೌಟ್ ಸಿಗಲ್ಲ. ಡಬ್ಬಿ ಮರೀಬೇಡ.”

* * *

ಬುಧವಾರದ ಪತ್ರಿಕೆಯಲ್ಲಿ ಆ ವರ್ಷದ ಅಂಕಪಟ್ಟಿ ಎರಡು ದಿನ ತಡವಾಗಿ ಬಂತು. ಅದರ ತಲೆಯ ಮೇಲೆ ಹಳೆಯ ಒಂದು ಹೆಸರಿತ್ತು.

‘ಡೂಯೇನ್ ಪ್ರಿಬಿಲ್. ಮೂರು ವರ್ಷ, ನಾನೂರ ಹನ್ನೆರಡು ಎಸೆತ, ಒಂದೂ ತಪ್ಪಿಲ್ಲ. ಎ. ಅವನನ್ನು ಹುಡುಕಿದ ಸ್ಕೌಟ್ ನಿದ್ದೆ ಹೋಗಿರಲಿಲ್ಲ. ನಿದ್ದೆ ಹೋಗಿದ್ದವಳು ನಾನು. ಅಂಕ ಹಾಕಿದ ನೊರೀನ್ ಮಸಾರ್: ಎಫ್.’

ಶುಕ್ರವಾರ ಸಂಜೆ ಬಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೊರೀನ್ ಏಪ್ರನ್ ಕಟ್ಟಿ ಬಂದದ್ದೇ ತಡ, ಶಿಳ್ಳೆಯೋ ಶಿಳ್ಳೆ!

“ನಪಾಸಾದವ್ಳೇ, ಇಲ್ಲಿ ಎರಡು ಪ್ಲೇಟು!”

“ನಮ್ಮ ಕಡೆಗೂ ಸ್ವಲ್ಪ ನಿದ್ದೆಗಣ್ಣು ಬಿಡಮ್ಮಾ!”

ನೊರೀನ್ ನಗುತ್ತಲೇ ಬಡಿಸಿದಳು. ಬಾಗಿಲ ಪಕ್ಕದ ಮೇಜಿಗೆ ಹೋದರೆ ಬೆಟ್ಟದಂಥ ಹುಡುಗ ನಾಚಿಕೊಂಡು ಎದ್ದು ನಿಂತ. ಡೂಯೇನ್!

“ಕೂತ್ಕೊಳ್ಳಪ್ಪಾ. ನನ್ನನ್ನ ಕ್ಷಮಿಸು.”

“ಅಯ್ಯೋ, ಪರವಾಗಿಲ್ಲ ಮೇಡಂ. ನೀವು ಬರೆದ ಆ ಎಫ್ಫನ್ನ ನಮ್ಮಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ದಿನಾ ಅದಕ್ಕೆ ಬೈದೇ ಹಾಲು ತೆಗೆಯೋದು.”

ಆರು ಗಂಟೆಯಾಯಿತು. ಆರೂವರೆಯಾಯಿತು. ಕಿಟಕಿ ಪಕ್ಕದ ಕುರ್ಚಿ ಖಾಲಿ. ಯಾರೋ ಕೂರಲು ಹೋದರೆ ಕ್ಲೀಟಸ್ ತನ್ನ ಕೋಲು ಅಡ್ಡ ಇಟ್ಟ.

‘ಬರಲ್ಲ... ಯಾಕಾದರೂ ಬಂದಾನು?’ ನೊರೀನ್ ತಟ್ಟೆ ಜೋಡಿಸುವ ನೆಪದಲ್ಲಿ ಬಾಗಿಲಿಗೆ ಬೆನ್ನು ತಿರುಗಿಸಿದಳು.

“ಇಲ್ಲಿ ನೊರೀನ್ ಮಸಾರ್ ಅಂದ್ರೆ ಯಾರು?”

ತಟ್ಟೆ ಕೈಜಾರಿತು!

ಬಾಗಿಲಲ್ಲಿ ಎಮೆಟ್ ನಿಂತಿದ್ದ. ಸಂಜೆ ಬಿಸಿಲು ಬೆನ್ನ ಹಿಂದೆ. ಒಂದು ಕೈಯಲ್ಲಿ ಕಾರಿನ ಬೀಗದ ಕೈ, ಇನ್ನೊಂದರಲ್ಲಿ ನಾಲ್ಕು ಮಡಿಕೆಯ ಪತ್ರಿಕೆ.

“ನಾನೇ,” ಎಂದಳು ನೊರೀನ್. “ಮೀನು... ನಿಂಗೆ ಬೇಡ. ಗೊತ್ತು.”

“ಈಗ ಗೊತ್ತಾಯ್ತಾ?”

“ಮೂರು ವರ್ಷ ಆಯ್ತು. ನಂಗೆ ಸ್ವಲ್ಪ ತಡವಾಗಿ ಕಾಣುತ್ತೆ.”

ಅವನು ಬಂದು ತನ್ನ ಕುರ್ಚಿಯಲ್ಲಿ ಕೂತ. ಅವಳು ಪೈ ತುಂಡು ತಂದಿಟ್ಟಳು. ಬಾರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಎಮೆಟ್ ನಿಧಾನವಾಗಿ ತುದಿಯವರೆಗೂ ತಿಂದ. ಬಾಯಿ ಒರೆಸಿಕೊಂಡ.

“ಮೂರು ವರ್ಷ ತುಂಬಿತು. ಅಂಕ ಹೇಳ್ಲಾ?”

“ಹೇಳು.”

“ಬಿ ಮೈನಸ್.”

“ಏನಂದೆ?!”

“ತಳ ಸ್ವಲ್ಪ ಗಟ್ಟಿ. ಇದಕ್ಕಿಂತ ಒಳ್ಳೆ ಪೈ ಹನ್ನೊಂದು ಊರಲ್ಲಿ ತಿಂದಿದ್ದೀನಿ.”

“ಹಂಗಾದ್ರೆ ಒಂಬತ್ತು ಗಂಟೆ ಕಾರು ಓಡಿಸ್ಕೊಂಡು ಪ್ರತಿ ವಾರ ಇಲ್ಲಿಗ್ಯಾಕೆ ಬಂದೆ?” ನೊರೀನಳ ಕಣ್ಣಲ್ಲಿ ನೀರು, ಬಾಯಲ್ಲಿ ಜಗಳ.

“ಪೈಗೆ ಅಂತ ಯಾರು ಹೇಳಿದ್ರು?” ಎಂದ ಎಮೆಟ್ ಮೆಲ್ಲಗೆ. “ನಿನ್ನನ್ನ ನೋಡೋಕೆ ಬಂದೆ ನೊರೀನ್. ಮೊದಲನೇ ವಾರವೇ ತೀರ್ಮಾನ ಆಗಿತ್ತು. ಉಳಿದದ್ದೆಲ್ಲ ಸುಮ್ಮನೆ, ಇನ್ನೊಂದ್ಸಲ ನೋಡೋ ಆಸೆಗೆ.”

ಅವಳು ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. “ನಾನು ತಪ್ಪು ಮಾಡಿದೆ ಎಮೆಟ್. ಕಾರ್ಡು ನನಗೇ ಬರೆದದ್ದು. ಇನ್ಮೇಲೆ ಒಂದಕ್ಷರ ಯಾರಿಗೂ...”

“ನಾನೂ ಹಾಗನ್ನಬಾರದಿತ್ತು. ಸರಕಂತೆ!”

“ಹಾಗಾದ್ರೆ ಒಂದು ನಿಮಿಷ!” ಸೆಲೆಸ್ಟೀನಳ ದನಿ. ಅವಳು ಗೋಡೆಯ ಪಟ್ಟಿ ಕಿತ್ತು ಕೈಯಲ್ಲಿ ಹಿಡಿದಿದ್ದಳು. “ನಿಯಮದ ಪ್ರಕಾರ ಪೂರ್ತಿ ಓದಬೇಕು. ಕೆಳಗೊಂದು ಸಾಲಿದೆ. ‘ಈ ಹೆಣ್ಣು ಹುಟ್ಟಿದಾರಭ್ಯ ತಪ್ಪು ಒಪ್ಪಿಕೊಂಡವಳಲ್ಲ, ಮುಂದೆಯೂ ಒಪ್ಪುವವಳಲ್ಲ. ಎಮೆಟ್ ಟೆಶ್.’ ಬುಧವಾರ ಪತ್ರಿಕೆಯಲ್ಲಿ ಒಪ್ಪಿದ್ಲು. ಈಗ ನಮ್ಮೆಲ್ಲರೆದುರು ಒಪ್ಪಿದ್ಲು. ಏನಪ್ಪಾ, ಬರೆದ ಮಾತು?”

“ಸುಳ್ಳು!” ಎಂದು ಇಡೀ ಬಾರ್ ಕೂಗಿತು.

“ಸುಳ್ಳಾದವರು?”

“ಮೀನು ಬಡಿಸ್ಬೇಕು!”

ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಡೂಯೇನ್ ಪ್ರಿಬಿಲ್. ಅಷ್ಟು ದೊಡ್ಡ ದನಿ ಅವನಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ.

ಸೆಲೆಸ್ಟೀನ್ ಎಸೆದ ಏಪ್ರನ್ ಎಮೆಟನ ಮುಖಕ್ಕೆ ಬಂದು ಬಿತ್ತು. ಅವನು ನಗುತ್ತ ಎದ್ದು ಕತ್ತಿಗೆ ಹಾಕಿಕೊಂಡ. ಹಿಂದಿನ ದಾರ ಕೈಗೆ ಎಟುಕಲಿಲ್ಲ. ನೊರೀನ್ ಬಂದು ಕಟ್ಟಿದಳು. ಕಟ್ಟಿ ಮುಗಿದರೂ ಕೈ ತೆಗೆಯಲಿಲ್ಲ.

“ನನಗೂ ಒಂದು ಅಂಕ ಹೇಳು,” ಎಂದ ಅವನು ತಿರುಗದೆಯೇ.

“ಆಗಲ್ಲ. ಸರಿಯಾಗಿ ನೋಡದೆ ಅಂಕ ಕೊಡೋದನ್ನ ಬಿಟ್ಟಿದ್ದೀನಿ.”

“ಮೂರು ವರ್ಷ ನೋಡಿದ್ಯಲ್ಲ!”

“ಅದು ಕಿಟಕಿ ಪಕ್ಕ ಕೂತಿದ್ದವನನ್ನ. ಬೆಳಿಗ್ಗೆ ಎದ್ದಾಗ ಹೇಗಿರ್ತೀಯೋ, ಜ್ವರ ಬಂದಾಗ ಹೇಗೆ ನರಳ್ತೀಯೋ, ಮುದುಕ ಆದ್ಮೇಲೆ ಎಷ್ಟು ಸಿಡುಕ್ತೀಯೋ... ಎಲ್ಲಾ ನೋಡ್ಬೇಕು.”

ಎಮೆಟ್ ತಿರುಗಿದ. “ಹಾಗಾದ್ರೆ ನೀನು ಯಾವಾಗ್ಲೂ ಹತ್ತಿರದಲ್ಲೇ ಇರ್ಬೇಕಾಗುತ್ತೆ.”

“ಹೂಂ. ಬೇರೆ ದಾರಿ ಇಲ್ಲ.”

“ಏ, ಬಿ ಮೈನಸ್ಸು! ಏ, ನಪಾಸು!” ಎಂದು ಕ್ಲೀಟಸ್ ಕೋಲಿನಿಂದ ಮೇಜು ಕುಟ್ಟಿದ. “ಮದುವೆ ಮಾತು ಆಮೇಲೆ ಆಡ್ಕೊಳ್ಳಿ! ಮೂರು ವರ್ಷ ಈ ಪುಣ್ಯಾತ್ಮನ ಮೀನು ತಿಂದು ಅಭ್ಯಾಸ ಆಗಿದೆ, ನನ್ನ ಎರಡನೇ ಪ್ಲೇಟ್ ಎಲ್ರಪ್ಪಾ?”

ಎಮೆಟ್ ಎರಡು ತಟ್ಟೆ ಎತ್ತಿಕೊಂಡ. ನೊರೀನ್ ಎರಡು.

“ಮೊದಲು ಯಾವ ಮೇಜು?” ಎಂದ ಅವನು.

“ಡೂಯೇನ್‌ದು,” ಎಂದಳು ಅವಳು. “ಅವನಿಂದಲೇ ತಾನೆ ಎಲ್ಲಾ ಶುರುವಾದದ್ದು. ನಡಿ.”